ಮಳೆಗಾಲ ಕಳೆದ ಮೇಲೆ ಗುರಿ ತಪ್ಪುತ್ತಿದೆ, ಸ್ಕೋಪ್ ಹೋಯಿತಾ?

ತೀರ್ಥಹಳ್ಳಿ ಕಡೆ ಮನೆ, ಸ್ಪ್ರಿಂಗ್ ಏರ್ ರೈಫಲ್, ಜೂನ್‌ನಲ್ಲಿ ಎತ್ತಿಟ್ಟದ್ದು, ಈಗ 25 ಮೀಟರಿನಲ್ಲಿ ಪೆಲೆಟ್ ಅಂಗೈಯಗಲ ಚದುರುತ್ತಿದೆ ಅಂದಿದ್ದೀರಿ. ಸ್ಕೋಪನ್ನು (ಗುರಿ ನೋಡುವ ದುರ್ಬೀನನ್ನು) ಬೈಯುವ ಮೊದಲು ಮೌಂಟ್ ನೋಡಿ, ಅಂದರೆ ಸ್ಕೋಪಿನ ಟ್ಯೂಬನ್ನು ರಿಂಗಿನಲ್ಲಿ ಹಿಡಿದು ಬಂದೂಕಿನ ಮೇಲಿನ ಪಟ್ಟಿಗೆ (ರೈಲಿಗೆ) ಬಿಗಿಯುವ ಹಿಡಿಕೆ. ರಿಂಗಿನ ಅಂಚಿಗೆ ತಾಗಿಸಿ ಟ್ಯೂಬಿನ ಮೇಲೆ, ಮೌಂಟಿನ ಪಕ್ಕ ರೈಲಿನ ಮೇಲೆ ಪೆನ್ಸಿಲ್ ಗೆರೆ ಎಳೆದು ಇಪ್ಪತ್ತು ಹೊಡೆಯಿರಿ. ಗೆರೆ ಸರಿದಿದ್ದರೆ ಸ್ಕ್ರೂ ಸಡಿಲ, ಅಷ್ಟೇ. ಸರಿಯದಿದ್ದರೆ ಸ್ಕೋಪ್ ಬಿಚ್ಚಿ ನಳಿಗೆ ಮೇಲಿನ ಸಾದಾ ಸೈಟಿನಲ್ಲೇ ಹೊಡೆದು ನೋಡಿ. ಆಗಲೂ ಚದುರಿದರೆ ದೋಷ ಬಂದೂಕಿನದು ಅಥವಾ ಪೆಲೆಟ್‌ನದು.

ಇವೆರಡೂ ಅಲ್ಲ ಅಂತಾದರೆ ಚೌಕದ ಪರೀಕ್ಷೆ. ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಸ್ಕೋಪಿನಲ್ಲಿ ಗುರಿ ಹೊಂದಿಸುವ ನಾಬಿನ ಒಂದು ಕ್ಲಿಕ್ಕಿಗೆ ಪೆಲೆಟ್ ಬೀಳುವ ಜಾಗ 25 ಮೀಟರಿನಲ್ಲಿ ಸುಮಾರು 1.8 ಮಿಮೀ ಸರಿಯುತ್ತದೆ. ಒಂದೇ ಚುಕ್ಕಿಗೆ ಗುರಿಯಿಟ್ಟು 3 ಹೊಡೆಯಿರಿ. ಆಮೇಲೆ 40 ಕ್ಲಿಕ್ ಮೇಲೆ, 40 ಬಲಕ್ಕೆ, 40 ಕೆಳಗೆ, 40 ಎಡಕ್ಕೆ. ಪ್ರತಿ ಮೂಲೆಯಲ್ಲೂ ಮೂರು ಮೂರು. ಬದಿಗೆ ಸುಮಾರು 73 ಮಿಮೀ ಬಂದು, ಕೊನೆಯ ಮೂರು ಮೊದಲಿನ ಮೂರರ ಮೇಲೇ ಕೂತರೆ ಒಳಗಿನ ಯಂತ್ರ ಗಟ್ಟಿಯಿದೆ. ಕ್ಲಿಕ್ ತಿರುಗಿಸಿದರೂ ಮೊದಲೆರಡು ಹಳೇ ಜಾಗಕ್ಕೇ ಬಿದ್ದು ಮೂರನೆಯದು ಥಟ್ಟನೆ ಹಾರಿದರೆ, ಒಳಟ್ಯೂಬನ್ನು ನಾಬಿಗೆ ಒತ್ತಿಹಿಡಿಯುವ ಸ್ಪ್ರಿಂಗ್ ಸೋತಿದೆ. ಒಂದು ಎಚ್ಚರಿಕೆ: ಮೇಲಿನ ನಾಬ್ ಪೂರ್ತಿ 'ಅಪ್' ತುದಿಯಲ್ಲಿದ್ದರೆ ಹೊಸ ಸ್ಕೋಪೂ ಹೀಗೇ ಆಡುತ್ತದೆ, ಅಲ್ಲಿ ಆ ಸ್ಪ್ರಿಂಗ್ ಸಡಿಲ. ಹಿಂದಿನ ರಿಂಗಿನಡಿ ತೆಳು ಪಟ್ಟಿ ಕೊಟ್ಟು ನಾಬನ್ನು ಮಧ್ಯಕ್ಕೆ ತನ್ನಿ.

ಸ್ಪ್ರಿಂಗ್ ಬಂದೂಕೇ ಸ್ಕೋಪಿಗೆ ಯಮ. ಪಿಸ್ಟನ್ ಹೊರಡುವಾಗ ಹಿಂದಕ್ಕೆ ಒದೆತ, ತುದಿಗೆ ಬಡಿದಾಗ ಮುಂದಕ್ಕೆ ಜಗ್ಗು. ಹಿಂದಿನ ಒದೆತವನ್ನಷ್ಟೇ ತಡೆಯಲು ಮಾಡಿದ ಸ್ಕೋಪಿನ ಕ್ರಾಸ್‌ಹೇರ್ (ಒಳಗೆ ಕಾಣುವ ಗುರಿಯ ಅಡ್ಡ-ಉದ್ದ ಗೆರೆ) ಕೆಲವೊಮ್ಮೆ ವಾಲುತ್ತದೆ, ತುಂಡಾಗುವುದೂ ಉಂಟು. ವಾಲಿದ್ದನ್ನು ತೂಗುಬಿಟ್ಟ ದಾರಕ್ಕೆ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಇನ್ನು ನಮ್ಮ ಕಡೆಯ ಥಂಡಿ. ಒರೆಸಿದರೂ ಹೋಗದ ಮಂಜು ಗಾಜಿನ ಒಳಗಿನದು: ರಬ್ಬರ್ ಸೀಲ್ ಬಿಟ್ಟು, ತುಂಬಿಸಿದ್ದ ಒಣ ಗ್ಯಾಸ್ ಹೋಗಿ ತೇವ ನುಗ್ಗಿದೆ. ಕತ್ತಲಲ್ಲಿ ಟಾರ್ಚ್ ಓರೆ ಹಿಡಿದು ಮುಂದಿನ ಗಾಜಿನಿಂದ ಇಣುಕಿ. ಜೇಡರಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಲೇಪನ ತಿಂದ ಮೇಲೆ ಬೂಷ್ಟು ತೆಗೆದರೂ ಕಲೆ ಉಳಿಯುತ್ತದೆ. ಅಗ್ಗದ ಸ್ಕೋಪಾದರೆ ರಿಪೇರಿಗೆ ದುಡ್ಡು ಹಾಕಬೇಡಿ. ಹೊಸದು ಕೊಳ್ಳುವಾಗ ಸ್ಪ್ರಿಂಗ್ ಏರ್‌ಗನ್‌ಗೆ ಆಗುತ್ತದಾ ಅಂತ ಕೇಳಿಯೇ ಕೊಳ್ಳಿ. ಮಳೆಗಾಲದಲ್ಲಿ ಬಟ್ಟೆ ಚೀಲ, ಸ್ಪಂಜಿನ ಪೆಟ್ಟಿಗೆ ಬೇಡ, ಒಲೆ ಮೇಲಿನ ಅಟ್ಟವೂ ಬೇಡ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರಿ ಬಣ್ಣ ತಿರುಗುವ ಬಗೆಯ ಸಿಲಿಕಾ ಜೆಲ್ ಜೊತೆ ಇಡಿ, ಹರಳಿನ ಬಣ್ಣ ತಿರುಗಿದಾಗ ಬದಲಿಸಿ.