ಕನಸಿನ ಕಾರ್ಡಿಗೆ ಬೇಕಾದದ್ದು ವೈರವೇ, ವೈರದ ಒಂದು ರಾತ್ರಿಯೇ?

ಪ್ರಿಯ ಓದುಗರೇ,

ಸೋಲು ಗೆಲುವುಗಳನ್ನು ಮೊದಲೇ ಗೊತ್ತುಮಾಡಿ ಕಥೆಯಾಗಿ ಆಡುವ ವೃತ್ತಿಪರ ರೆಸ್ಲಿಂಗ್‌ನ ಮಹಾವೈರಗಳನ್ನೆಲ್ಲ ಒಂದೇ ರಾತ್ರಿಗೆ ಕರೆತಂದು ನೀವು ಕಟ್ಟಿ ಕಳುಹಿಸಿದ ಎಂಟು ಪಂದ್ಯಗಳ ಕಾಲ್ಪನಿಕ ಕಾರ್ಡನ್ನು ಗಮನವಿಟ್ಟು ಓದಿದೆ. ರ‍್ಯಾಂಡಿ ಸ್ಯಾವೇಜ್–ರಿಕಿ ಸ್ಟೀಮ್‌ಬೋಟ್ ಜೋಡಿಯಿಂದ ಆರಂಭವಾಗಿ, ರಿಕ್ ಫ್ಲೇರ್–ಸ್ಟೀಮ್‌ಬೋಟ್, ಫ್ಲೇರ್–ಸ್ಟಿಂಗ್, ಬ್ರೆಟ್ ಹಾರ್ಟ್–ಶಾನ್ ಮೈಕೆಲ್ಸ್, ಅಂಡರ್‌ಟೇಕರ್–ಮ್ಯಾನ್‌ಕೈಂಡ್, ಮಿತ್ಸುಹಾರು ಮಿಸಾವಾ–ತೊಶಿಯಾಕಿ ಕವಾಡಾ, ಸ್ಟೀವ್ ಆಸ್ಟಿನ್–ರಾಕ್ ಪಂದ್ಯಗಳನ್ನು ದಾಟಿ ಹಲ್ಕ್ ಹೋಗನ್–ಆಂಡ್ರೆ ದ ಜೈಂಟ್ ಪಂದ್ಯದಲ್ಲಿ ಮುಗಿಯುವ ಪಟ್ಟಿ ಅದು. ಎಲ್ಲರೂ ತಮ್ಮ ತಮ್ಮ ಉತ್ತುಂಗದ ವಯಸ್ಸಿನಲ್ಲಿರಬೇಕು, ಪ್ರತಿ ಪಂದ್ಯಕ್ಕೂ ರಿಂಗ್ ಸುತ್ತ ಪಂಜರವೋ ಏಣಿಯೋ ಇನ್ನಾವುದೋ ವಿಶೇಷ ನಿಯಮ ಇರಬೇಕು, ಮಿಸಾವಾ ವಿರುದ್ಧ ಕವಾಡಾ ಗೆಲ್ಲಬೇಕು ಎಂಬವು ನಿಮ್ಮ ಷರತ್ತುಗಳು. ಹೋಗನ್–ಆಂಡ್ರೆ ಪಂದ್ಯವನ್ನು ಕೊನೆಗೆ ಇಟ್ಟದ್ದು ಸರಿಯೇ ಎಂದೂ ಕೇಳಿದ್ದೀರಿ.

ಕೊನೆಯ ಪ್ರಶ್ನೆಗೆ ಕೊನೆಯಲ್ಲೇ ಬರುತ್ತೇನೆ. ಮೊದಲು ಉತ್ತುಂಗದ ಮಾತು. ನೀವು ಹೆಸರುಗಳನ್ನು ಆರಿಸಿದ್ದೀರಿ, ರಾತ್ರಿಗಳನ್ನು ಆರಿಸಿಲ್ಲ. ವೈರಕ್ಕೆ ಒಂದು ಆಯುಷ್ಯವಿದೆ; ಅದರ ಯಾವ ಘಳಿಗೆಯನ್ನು ರಿಂಗ್‌ಗೆ ತರುತ್ತೇವೆ ಎಂಬುದರ ಮೇಲೆಯೇ ಪಂದ್ಯದ ಅರ್ಥ ನಿಂತಿರುತ್ತದೆ. ಇದಕ್ಕೆ ನಿಮ್ಮ ಪಟ್ಟಿಯ ಕೊನೆಯ ಪಂದ್ಯಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಹೋಗನ್ ಮತ್ತು ಆಂಡ್ರೆ 1987ಕ್ಕೆ ಬಹಳ ಮುಂಚೆಯೇ, 1980ರ ಆಗಸ್ಟ್ 9ರಂದು, ನ್ಯೂಯಾರ್ಕ್‌ನ ಶೇ ಕ್ರೀಡಾಂಗಣದಲ್ಲಿ ಎದುರಾಗಿದ್ದರು. ಆಗ ಆಂಡ್ರೆ ಇನ್ನೂ ಚುರುಕಾಗಿದ್ದರು, ಹೋಗನ್ ಯುವಕರಾಗಿದ್ದರು. ಅಂದರೆ ನಿಮ್ಮ ಅಳತೆಯ ಪ್ರಕಾರ ಅದೇ ಉತ್ತಮ ಪಂದ್ಯವಾಗಬೇಕಿತ್ತು. ಆದರೆ ಅಂದು ಹೋಗನ್ ಖಳನಾಗಿದ್ದರು, ಆಂಡ್ರೆ ಗೆದ್ದರು, ಪಂದ್ಯ ಕಾರ್ಡಿನ ನಡುವೆಲ್ಲೋ ಬಂದು ಹೋಯಿತು. ಆ ರಾತ್ರಿ ಜನ ಕಾದು ಕೂತಿದ್ದು ಬ್ರೂನೊ ಸಮಾರ್ಟಿನೊ ಮತ್ತು ಅವರ ಶಿಷ್ಯ ಲ್ಯಾರಿ ಜಬಿಸ್ಕೊ ನಡುವಿನ ಪಂಜರದ ಪಂದ್ಯಕ್ಕೆ. ವರ್ಷದ ಆರಂಭದಲ್ಲಿ ಶಿಷ್ಯ ಕುರ್ಚಿಯಿಂದ ಗುರುವಿನ ತಲೆಗೆ ಹೊಡೆದು ರಕ್ತ ಹರಿಸಿದ್ದ ಸಿಟ್ಟು ಜನರಲ್ಲಿ ಇನ್ನೂ ಆರಿರಲಿಲ್ಲ.

ಅದೇ ಹೋಗನ್ ಮತ್ತು ಆಂಡ್ರೆ 1987ರ ಮಾರ್ಚ್ 29ರಂದು ಪಾಂಟಿಯಾಕ್‌ನ ಸಿಲ್ವರ್‌ಡೋಮ್‌ನಲ್ಲಿ, ಮೂರನೇ ರೆಸಲ್‌ಮೇನಿಯಾ ಎಂಬ ವಾರ್ಷಿಕ ಮಹಾಪ್ರದರ್ಶನದಲ್ಲಿ ನಿಂತಾಗ ಆಂಡ್ರೆಯ ಬೆನ್ನು ಶಸ್ತ್ರಚಿಕಿತ್ಸೆ ಕಂಡಿತ್ತು, ನಡೆಯುವುದೇ ಕಷ್ಟವಾಗಿತ್ತು. ಆದರೂ ಆ ಪಂದ್ಯ ಇಂದಿಗೂ ಮಾತಿನಲ್ಲಿದೆ. ಕಾರಣ, ಅಷ್ಟರಲ್ಲಿ ಅವರಿಬ್ಬರೂ ಸ್ನೇಹಿತರಾಗಿದ್ದರು. ಆಂಡ್ರೆ ಖಳ ಮ್ಯಾನೇಜರ್ ಬಾಬಿ ಹೀನನ್‌ನ ಪಕ್ಕ ನಿಂತು ಹೋಗನ್‌ರ ಅಂಗಿಯನ್ನೂ ಕೊರಳ ಶಿಲುಬೆಯನ್ನೂ ಕಿತ್ತೆಸೆದಿದ್ದರು. ಆಂಡ್ರೆ ಹದಿನೈದು ವರ್ಷ ಸೋತೇ ಇಲ್ಲ ಎಂಬ ಕಥೆಯನ್ನು, ಅದು ನಿಜವಲ್ಲದಿದ್ದರೂ, ಜನ ನಂಬಲು ಸಿದ್ಧರಿದ್ದರು. ಮೊದಲ ನಿಮಿಷದಲ್ಲೇ ಹೋಗನ್ ಎತ್ತಲು ಹೋಗಿ, ಆ ಭಾರಕ್ಕೆ ಬೆನ್ನ ಮೇಲೆ ಕುಸಿದದ್ದು ಇಡೀ ಪಂದ್ಯದ ಬೀಜ. ಚುರುಕಾದ ಆಂಡ್ರೆಯನ್ನು ಅಲ್ಲಿಗೆ ತಂದರೆ ಕುಸ್ತಿ ಸುಧಾರಿಸೀತು, ಕಥೆ ಸತ್ತುಹೋಗುತ್ತದೆ.

ಎರಡನೆಯ ತೊಡಕು ನಿಮ್ಮ ಗಮನಕ್ಕೂ ಬಂದಿರಬಹುದು. ನಿಮ್ಮ ಕಾರ್ಡಿನಲ್ಲಿ ಫ್ಲೇರ್ ಎರಡು ಸಲ, ಸ್ಟೀಮ್‌ಬೋಟ್ ಎರಡು ಸಲ ಬರುತ್ತಾರೆ. ಟೂರ್ನಿಯಾಗಿದ್ದರೆ ಇದು ಸಲ್ಲುತ್ತಿತ್ತು. ವೈರಗಳ ರಾತ್ರಿಯಲ್ಲಿ ಸಲ್ಲದು. ಒಬ್ಬ ಪಟು ಒಬ್ಬನ ಮೇಲೆ ಇಡಬೇಕಾದ ದ್ವೇಷವನ್ನು ಒಂದು ಗಂಟೆಯ ಬಳಿಕ ಮತ್ತೊಬ್ಬನ ಮೇಲೆ ಇಡಲು ಬಂದರೆ ಎರಡೂ ಸುಳ್ಳಾಗಿ ಕಾಣುತ್ತವೆ. ಆದ್ದರಿಂದ ಆಯ್ಕೆ ಅನಿವಾರ್ಯ, ಮತ್ತು ಆ ಆಯ್ಕೆ ನೋಯಿಸುತ್ತದೆ. ಸಿಲ್ವರ್‌ಡೋಮ್‌ನಲ್ಲಿ ಸ್ಯಾವೇಜ್ ಮತ್ತು ಸ್ಟೀಮ್‌ಬೋಟ್ ಕಾಲು ಗಂಟೆಯೊಳಗೆ ಮಾಡಿದ್ದನ್ನು ನಾನು ಎಷ್ಟು ಮೆಚ್ಚುತ್ತೇನೆಂದರೆ, ಅದನ್ನು ಬಿಟ್ಟ ಕಾರ್ಡು ನನಗೆ ಅಪೂರ್ಣವಾಗಿಯೇ ಕಾಣುತ್ತದೆ. ಹಾಗಿದ್ದರೂ ಸ್ಟೀಮ್‌ಬೋಟ್‌ರನ್ನು ಫ್ಲೇರ್‌ಗೇ ಕೊಡುತ್ತೇನೆ.

ಏಕೆಂದರೆ 1989ರ ಆ ಸರಣಿಯಲ್ಲಿ ಇರುವಂಥದ್ದು ಬೇರೆ ಯಾವ ವೈರದಲ್ಲೂ ಇಲ್ಲ. ಅಲ್ಲಿ ಯಾರೂ ಯಾರಿಗೂ ದ್ರೋಹ ಬಗೆದಿರಲಿಲ್ಲ. ರೇಷ್ಮೆಯ ನಿಲುವಂಗಿ, ವಿಮಾನ, ಮೋಜಿನ ರಾತ್ರಿಗಳ ಬಗ್ಗೆ ಕೊಚ್ಚಿಕೊಳ್ಳುವ ಚಾಂಪಿಯನ್ ಒಂದು ಕಡೆ. ಹೆಂಡತಿ, ಮಗುವಿನೊಡನೆ ಬರುವ ಶಾಂತ ಮನುಷ್ಯ ಇನ್ನೊಂದು ಕಡೆ. ನಡುವೆ ಎನ್‌ಡಬ್ಲ್ಯುಎ ಒಕ್ಕೂಟದ ವಿಶ್ವ ಚಾಂಪಿಯನ್ ಬೆಲ್ಟ್. ಎರಡು ಬಾಳುವ ಬಗೆಗಳು ಒಂದನ್ನೊಂದು ಒಪ್ಪಲಾರದೆ ಕಾದಾಡಿದವು. ನೀವು ಏಪ್ರಿಲ್ 2ರ ನ್ಯೂ ಆರ್ಲಿಯನ್ಸ್ ಪಂದ್ಯವನ್ನು, ಮೂರು ಪಟ್ಟುಗಳಲ್ಲಿ ಎರಡನ್ನು ಗೆದ್ದವನೇ ವಿಜಯಿಯಾಗುವ ಆ ದೀರ್ಘ ಹೋರಾಟವನ್ನು ಸೂಚಿಸಿದ್ದೀರಿ. ಅದು ಸುಮಾರು 55 ನಿಮಿಷ ನಡೆದದ್ದು. ಒಂದೇ ಪಂದ್ಯ ರಾತ್ರಿಯ ಮೂರನೇ ಒಂದು ಭಾಗವನ್ನು ನುಂಗಿದರೆ ಉಳಿದವರಿಗೆ ಉಸಿರಾಡಲು ಜಾಗವಿರದು. ಫೆಬ್ರುವರಿ 20ರ ಷಿಕಾಗೊ ಪಂದ್ಯ ನಮಗೆ ಸಾಕು. ಸುಮಾರು 23 ನಿಮಿಷಗಳಲ್ಲಿ ಎದೆಗೆ ಬೀಳುವ ಹೊಡೆತಗಳ ಸದ್ದೇ ಕಥೆಯನ್ನು ಹೇಳಿ ಮುಗಿಸುತ್ತದೆ, ಸ್ಟೀಮ್‌ಬೋಟ್ ಮೊದಲ ಬಾರಿಗೆ ವಿಶ್ವ ಚಾಂಪಿಯನ್ ಆಗುತ್ತಾರೆ. ಮಧ್ಯಂತರಕ್ಕೆ ಮುಂಚೆ ಜನರನ್ನು ಸಂತೋಷದಿಂದ ಎಬ್ಬಿಸಲು ಇದಕ್ಕಿಂತ ತಕ್ಕ ಪಂದ್ಯ ನನಗೆ ಕಾಣುವುದಿಲ್ಲ. ಫ್ಲೇರ್–ಸ್ಟಿಂಗ್ ಜೋಡಿಯನ್ನು ಬಿಡಲು ನನಗೆ ಅಷ್ಟು ಸಂಕಟವಿಲ್ಲ. ಅದು ವೈರ ಎನ್ನುವುದಕ್ಕಿಂತ ಹಳಬ ಹೊಸಬನನ್ನು ಬೆಳೆಸಿದ ಕಥೆ.

ಈಗ ವಿಶೇಷ ನಿಯಮಗಳ ವಿಷಯ. ಎಂಟು ಪಂದ್ಯಕ್ಕೂ ಎಂಟು ವಿಶೇಷ ನಿಯಮ ಇಟ್ಟರೆ ಯಾವುದೂ ವಿಶೇಷವಾಗಿ ಉಳಿಯುವುದಿಲ್ಲ. ಪಂಜರ ಬೇಕಾಗುವುದು ಒಬ್ಬ ಓಡಿಹೋಗುತ್ತಿರುವಾಗ, ಅಥವಾ ಹೊರಗಿನವರು ಒಳನುಗ್ಗುತ್ತಿರುವಾಗ. ಫ್ಲೇರ್–ಸ್ಟೀಮ್‌ಬೋಟ್‌ಗೆ ಅದು ಬೇಡ, ಮಿಸಾವಾ–ಕವಾಡಾಗಂತೂ ಅವಮಾನ. ಪಂಜರವನ್ನು ಒಂದೇ ಪಂದ್ಯಕ್ಕೆ ಮೀಸಲಿಡಿ, ಆ ಪಂದ್ಯ ನಿಮ್ಮ ಪಟ್ಟಿಯಲ್ಲಿ ಇಲ್ಲ: 1985ರ ನವೆಂಬರ್ 28ರಂದು ಗ್ರೀನ್ಸ್‌ಬರೊದ ಸ್ಟಾರ್‌ಕೇಡ್ ಪ್ರದರ್ಶನದಲ್ಲಿ ಮ್ಯಾಗ್ನಮ್ ಟಿ. ಎ. ಮತ್ತು ಟಲಿ ಬ್ಲ್ಯಾಂಚರ್ಡ್ ನಡುವೆ ನಡೆದ ಶರಣಾಗತಿಯ ಪಂದ್ಯ. ಭುಜಗಳನ್ನು ನೆಲಕ್ಕೊತ್ತಿ ಹಿಡಿದು ಗೆಲ್ಲುವ ಪಿನ್ ಇಲ್ಲ, ಎಣಿಕೆ ಇಲ್ಲ. ಸೋತೆ ಎಂದು ಬಾಯಿಬಿಟ್ಟು ಹೇಳುವವರೆಗೆ ಬಿಡುಗಡೆಯಿಲ್ಲ. ಮುರಿದ ಕುರ್ಚಿಯ ಮರದ ಚೂಪನ್ನು ಹಣೆಗೆ ಒತ್ತಿದಾಗ ಬ್ಲ್ಯಾಂಚರ್ಡ್ ಚೀರಿ ಒಪ್ಪಿಕೊಂಡ ಆ ಕ್ಷಣದಲ್ಲಿ ಬೆಲ್ಟಿನ ನೆನಪು ಯಾರಿಗೂ ಇರುವುದಿಲ್ಲ. ಕಾರ್ಡಿನ ಎರಡನೇ ಪಂದ್ಯ ಇದಾಗಿರಲಿ. ಇಷ್ಟು ಬೇಗ ಏಕೆ ಎಂಬುದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಅಂಡರ್‌ಟೇಕರ್–ಮ್ಯಾನ್‌ಕೈಂಡ್ ಪಂದ್ಯವನ್ನು ನೀವು 1998ರ ಜೂನ್ 28ರ ಪಿಟ್ಸ್‌ಬರ್ಗ್ ರೂಪದಲ್ಲೇ, ಛಾವಣಿಯಿರುವ ಎತ್ತರದ ಪಂಜರದ ಹೆಲ್ ಇನ್ ಎ ಸೆಲ್ ಆಗಿಯೇ ಬೇಡಿದ್ದೀರಿ. ಅದನ್ನು ನಾನು ಕೈಬಿಡುತ್ತೇನೆ. ಮ್ಯಾನ್‌ಕೈಂಡ್ ಪಾತ್ರದ ಮಿಕ್ ಫೋಲಿ ಪಂಜರದ ಮೇಲಿಂದ ಮೇಜಿನ ಮೇಲೆ ಬಿದ್ದದ್ದು, ಮತ್ತೆ ಹತ್ತಿ ಈ ಸಲ ಛಾವಣಿಯೊಂದಿಗೇ ಒಳಗೆ ಬಿದ್ದದ್ದು ಯಾರೂ ಮರೆಯುವಂಥದ್ದಲ್ಲ. ಆದರೆ ಅದೇ ರಾತ್ರಿ ಅದರ ಬಳಿಕ ಕೇನ್ ಆಸ್ಟಿನ್‌ರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದದ್ದು ಎಷ್ಟು ಮಂದಿಯ ಮಾತಿನಲ್ಲಿ ಬರುತ್ತದೆ? ತನ್ನ ನಂತರದ್ದನ್ನೆಲ್ಲ ಅಳಿಸಿಹಾಕುವ ಪಂದ್ಯ ಕಾರ್ಡಿಗೆ ಶತ್ರು. ಅದೂ ಅಲ್ಲದೆ, ಕಲ್ಪನೆಯಲ್ಲೇ ಆದರೂ ಆ ಮನುಷ್ಯನನ್ನು ಮತ್ತೊಮ್ಮೆ ಅಲ್ಲಿಂದ ಬೀಳಿಸಲು ನನಗೆ ಮನಸ್ಸಿಲ್ಲ.

ಬ್ರೆಟ್–ಮೈಕೆಲ್ಸ್ ವೈರವನ್ನು ಬಿಡಬೇಕಾದ ಕಾರಣ ಬೇರೆ. ನೀವು 1997ರ ನವೆಂಬರ್ 9ರ ಮಾಂಟ್ರಿಯಲ್ ರಾತ್ರಿಯನ್ನು ಹೆಸರಿಸಿದ್ದೀರಿ. ಬ್ರೆಟ್ ಸೋಲೊಪ್ಪದೆ ಇರುವಾಗಲೇ ಸಂಸ್ಥೆಯ ಮಾಲೀಕ ವಿನ್ಸ್ ಮೆಕ್‌ಮಹೋನ್ ಗಂಟೆ ಬಾರಿಸಲು ಹೇಳಿದ ಆ ಘಟನೆ ಕಥೆಯ ಹೊರಗೆ ನಡೆದದ್ದು. ಅದನ್ನು ಯೋಜಿಸಿ ಕಾರ್ಡಿಗೆ ಹಾಕಲಾಗದು, ನೆನೆಯಬಹುದು ಅಷ್ಟೆ. ಅವರಿಬ್ಬರ 1996ರ ಐರನ್ ಮ್ಯಾನ್ ಪಂದ್ಯವಾದರೆ ಒಂದು ಗಂಟೆಗೂ ಹೆಚ್ಚು ಬೇಡುತ್ತದೆ. ಬ್ರೆಟ್‌ರನ್ನು ನಾನು ಆಸ್ಟಿನ್ ಎದುರು ನಿಲ್ಲಿಸುತ್ತೇನೆ: 1997ರ ಮಾರ್ಚ್ 23, ಹದಿಮೂರನೇ ರೆಸಲ್‌ಮೇನಿಯಾ, ಕೆನ್ ಶ್ಯಾಮ್‌ರಾಕ್ ಅತಿಥಿ ರೆಫರಿ. ಆಸ್ಟಿನ್–ರಾಕ್ ದೊಡ್ಡ ವೈರವೇ, ಆದರೆ 2001ರಲ್ಲಿ ಹ್ಯೂಸ್ಟನ್‌ನಲ್ಲಿ ಅದು ಮುಗಿದದ್ದು ಆಸ್ಟಿನ್ ತಮ್ಮ ಹಳೆಯ ವೈರಿ ಮೆಕ್‌ಮಹೋನ್‌ರ ಕೈಕುಲುಕುವುದರಲ್ಲಿ. ಅಂದರೆ ಅದು ಮುಂದಿನ ಕಥೆಯ ಬಾಗಿಲು ತೆರೆಯಿತು. ಬ್ರೆಟ್–ಆಸ್ಟಿನ್ ಪಂದ್ಯದಲ್ಲಿ ಎಲ್ಲವೂ ರಿಂಗ್‌ನೊಳಗೇ ನಡೆಯುತ್ತದೆ. ನಾಯಕನಾಗಿ ಒಳಬಂದ ಬ್ರೆಟ್ ಖಳನಾಗಿ ಹೊರಹೋಗುತ್ತಾರೆ, ಖಳನಾಗಿ ಬಂದ ಆಸ್ಟಿನ್ ಜನರ ಮನುಷ್ಯನಾಗಿ ಹೋಗುತ್ತಾರೆ. ಬ್ರೆಟ್‌ರ ಶಾರ್ಪ್‌ಶೂಟರ್ ಪಟ್ಟಿನಲ್ಲಿ ಸಿಕ್ಕ ಆಸ್ಟಿನ್ ಮುಖವೆಲ್ಲ ರಕ್ತವಾಗಿ ಪ್ರಜ್ಞೆ ತಪ್ಪುತ್ತಾರೆಯೇ ಹೊರತು ಸೋಲನ್ನು ಒಪ್ಪುವುದಿಲ್ಲ.

ಮ್ಯಾಗ್ನಮ್–ಬ್ಲ್ಯಾಂಚರ್ಡ್ ಪಂದ್ಯವನ್ನು ಎರಡನೆಯದಾಗಿ ಇಟ್ಟದ್ದು ಇದಕ್ಕಾಗಿಯೇ. ಎರಡೂ ಶರಣಾಗತಿಯ ಪಂದ್ಯಗಳು, ಎರಡರಲ್ಲೂ ರಕ್ತವಿದೆ. ಅಕ್ಕಪಕ್ಕ ಇಟ್ಟರೆ ಒಂದು ಇನ್ನೊಂದನ್ನು ತಿನ್ನುತ್ತದೆ. ದೂರ ಇಟ್ಟರೆ ಮೊದಲನೆಯದು ಎರಡನೆಯದನ್ನು ಬೆಳೆಸುತ್ತದೆ. ಸಂಜೆ ಒಬ್ಬ ಚೀರಿ ಒಪ್ಪಿಕೊಂಡದ್ದನ್ನು ಕಂಡ ಪ್ರೇಕ್ಷಕರಿಗೆ ರಾತ್ರಿ ಇನ್ನೊಬ್ಬ ಬಾಯಿಬಿಡದೆ ಹೋದದ್ದರ ತೂಕ ಯಾರೂ ವಿವರಿಸದೆಯೇ ತಿಳಿಯುತ್ತದೆ. ಕಾರ್ಡು ಎಂದರೆ ಪಂದ್ಯಗಳ ಗುಂಪಲ್ಲ, ಪಂದ್ಯಗಳ ಸಂಬಂಧ ಎಂದು ನಾನು ಬಲವಾಗಿ ನಂಬಿರುವುದು ಇಂಥ ಕಡೆಗಳಲ್ಲೇ.

ಆರಂಭದ ಪಂದ್ಯಕ್ಕೆ ವೇಗ ಬೇಕು. 1997ರ ಅಕ್ಟೋಬರ್ 26ರ ಲಾಸ್ ವೇಗಸ್‌ನ ಎಡ್ಡಿ ಗೆರೆರೊ–ರೇ ಮಿಸ್ಟೀರಿಯೊ ಪಂದ್ಯವನ್ನು ತನ್ನಿ. ಎಡ್ಡಿಯ ಬೆಲ್ಟ್, ರೇಯ ಮುಖವಾಡ ಎರಡೂ ಪಣದಲ್ಲಿದ್ದ, ಎಡ್ಡಿ ಆ ಮುಖವಾಡವನ್ನು ಹರಿಯುತ್ತಲೇ ಇದ್ದ ಪಂದ್ಯ ಅದು. ಮೂರನೆಯದಾಗಿ 2015ರ ಆಗಸ್ಟ್ 22ರಂದು ಬ್ರೂಕ್ಲಿನ್‌ನಲ್ಲಿ ನಡೆದ ಸಾಶಾ ಬ್ಯಾಂಕ್ಸ್–ಬೇಲಿ ಪಂದ್ಯ ಬರಲಿ. ನಿಮ್ಮ ಪಟ್ಟಿಯಲ್ಲಿ ಮಹಿಳೆಯರ ಒಂದು ವೈರವೂ ಇಲ್ಲದಿರುವುದು ದೊಡ್ಡ ಕೊರತೆ. ಗಾಯಗೊಂಡ ಬೇಲಿಯ ಕೈಯನ್ನು ಸಾಶಾ ಹುಡುಕಿ ಹುಡುಕಿ ತುಳಿಯುವುದನ್ನು ಕಂಡವರು ಈ ಸ್ಥಾನವನ್ನು ಉದಾರತೆ ಎನ್ನಲಾರರು, ಅದು ದುಡಿದು ಪಡೆದ ಹಕ್ಕು.

ಮಧ್ಯಂತರ ಮುಗಿದು ಪ್ರೇಕ್ಷಕರ ಮನಸ್ಸು ಹೊಸದಾಗಿರುವಾಗ ಮಿಸಾವಾ–ಕವಾಡಾ ಬರಬೇಕು. 1994ರ ಜೂನ್ 3ರ, ಟೋಕಿಯೊದ ಬುಡೊಕಾನ್ ಸಭಾಂಗಣದ ಪಂದ್ಯ ಅರ್ಧ ಗಂಟೆಗಿಂತ ಹೆಚ್ಚು ಕಾಲ ಪೂರ್ಣ ಗಮನವನ್ನು ಬೇಡುತ್ತದೆ. ಕವಾಡಾ ಗೆಲ್ಲಲಿ ಎಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಅದನ್ನು ನಡೆಸಿಕೊಡಲಾರೆ. ಒಂದೇ ಶಾಲೆಯ ಕುಸ್ತಿ ತಂಡದಲ್ಲಿ ಮಿಸಾವಾಗಿಂತ ಒಂದು ವರ್ಷ ಕಿರಿಯನಾಗಿದ್ದವನು, ಮುಂದೆ ಅವರದೇ ಜೊತೆಗಾರನಾಗಿ ರಿಂಗ್‌ಗೆ ಇಳಿದವನು, 1993ರಲ್ಲಿ ಬೇರ್ಪಟ್ಟು ಎದುರು ನಿಂತವನು ಕವಾಡಾ. ಮುಂದಿರುವವನನ್ನು ಮುಟ್ಟಲಾಗದವನ ಹಟವೇ ಈ ವೈರದ ಜೀವ. ಜೋಡಿ ಪಂದ್ಯದಲ್ಲಿ ಮಿಸಾವಾರನ್ನು ಮೊದಲ ಬಾರಿಗೆ ಪಿನ್ ಮಾಡಲು ಅವರು 1995ರ ಜೂನ್ 9ರವರೆಗೆ, ತ್ರಿಮುಕುಟ ಎಂಬ ಚಾಂಪಿಯನ್ ಪಟ್ಟಕ್ಕಾಗಿ ಒಬ್ಬರಿಗೊಬ್ಬರು ಎದುರಾದ ಹೋರಾಟದಲ್ಲಿ ಗೆಲ್ಲಲು 1998ರ ಮೇ 1ರವರೆಗೆ ಕಾಯಬೇಕಾಯಿತು. ಆ ಗೆಲುವನ್ನು ನಾಲ್ಕು ವರ್ಷ ಮುಂಚೆ ಕೈಗಿಟ್ಟರೆ ನಾವು ಕವಾಡಾಗೆ ಕೊಟ್ಟಂತಾಗುವುದಿಲ್ಲ, ಅವರಿಂದ ಕಿತ್ತುಕೊಂಡಂತಾಗುತ್ತದೆ.

ಅಲ್ಲಿಂದ ಬ್ರೆಟ್–ಆಸ್ಟಿನ್, ಆಮೇಲೆ ಹೋಗನ್–ಆಂಡ್ರೆ. ಹೌದು, ನಿಮ್ಮ ಕೊನೆಯ ಪಂದ್ಯವನ್ನು ಕೊನೆಯಲ್ಲೇ ಉಳಿಸಿದ್ದೇನೆ, ಆದರೆ ಅದು ಎಲ್ಲಕ್ಕಿಂತ ಪ್ರಸಿದ್ಧ ಎಂಬ ನಿಮ್ಮ ಕಾರಣಕ್ಕಲ್ಲ. ಅಷ್ಟು ಹೊತ್ತು ಕೂತ ಜನರ ಕಣ್ಣು, ಗಂಟಲು ಎರಡೂ ದಣಿದಿರುತ್ತವೆ. ಆಗ ಮತ್ತೊಂದು ಸೂಕ್ಷ್ಮ, ದೀರ್ಘ ಪಂದ್ಯವನ್ನು ಮುಂದಿಟ್ಟರೆ ಅದು ಎಷ್ಟೇ ಶ್ರೇಷ್ಠವಾಗಿದ್ದರೂ ಅರ್ಧ ಮೌನದಲ್ಲಿ ಕಳೆಯುತ್ತದೆ. ಹೋಗನ್–ಆಂಡ್ರೆ ಸುಮಾರು 12 ನಿಮಿಷದ್ದು, ಅದರಲ್ಲಿ ಕೇಳುವ ಪ್ರಶ್ನೆ ಒಂದೇ: ಈ ಮನುಷ್ಯನನ್ನು ಎತ್ತಲು ಸಾಧ್ಯವೇ? ಬ್ರೆಟ್–ಆಸ್ಟಿನ್ ಪಂದ್ಯದಲ್ಲಿ ಯಾರ ಪರ ಕೂಗಬೇಕೆಂದು ಗೊಂದಲಗೊಂಡ ಜನರಿಗೆ ಆ ಸರಳ ಪ್ರಶ್ನೆ ಬೇಕಾಗಿರುತ್ತದೆ.

ಸ್ಯಾವೇಜ್ ಇಲ್ಲದ ಕಾರ್ಡನ್ನು ನೀವು ಒಪ್ಪುವುದೇ ಇಲ್ಲವೆಂದಾದರೆ ಒಂದು ದಾರಿಯಿದೆ. ಆಂಡ್ರೆಯ ಜಾಗಕ್ಕೆ ಸ್ಯಾವೇಜ್‌ರನ್ನು ತಂದು, 1989ರ ಏಪ್ರಿಲ್ 2ರ ಅಟ್ಲಾಂಟಿಕ್ ಸಿಟಿಯ ಹೋಗನ್–ಸ್ಯಾವೇಜ್ ಪಂದ್ಯದಿಂದ ಮುಗಿಸಿ. ಹೋಗನ್‌ರ ನೆರವಿನಿಂದಲೇ ಚಾಂಪಿಯನ್ ಆದ ಗೆಳೆಯ, ತನ್ನ ಮ್ಯಾನೇಜರ್ ಎಲಿಜಬೆತ್‌ಳ ವಿಷಯದಲ್ಲಿ ಅನುಮಾನ ಬೆಳೆಸಿಕೊಂಡು, ಒಂದು ವರ್ಷದೊಳಗೆ ಶತ್ರುವಾದ ಕಥೆ ಅದು. ಆದರೆ ಅದಕ್ಕೆ ಹಿಂದಿನ ಪಂದ್ಯವನ್ನು ಬದಲಿಸಬೇಕಾಗುತ್ತದೆ, ಏಕೆಂದರೆ ಹೋಗನ್–ಸ್ಯಾವೇಜ್ ಕೂಡ ಯಾರು ಸರಿ ಎಂದು ಪ್ರೇಕ್ಷಕರು ಯೋಚಿಸಬೇಕಾದ ಪಂದ್ಯ. ಆಗ ಬ್ರೆಟ್–ಆಸ್ಟಿನ್ ಮಧ್ಯಂತರಕ್ಕೆ ಮುಂಚೆ ಬರಬೇಕು, ಫ್ಲೇರ್–ಸ್ಟೀಮ್‌ಬೋಟ್ ಕೊನೆಯ ಪಂದ್ಯದ ಹಿಂದಕ್ಕೆ ಹೋಗಬೇಕು, ಮತ್ತು ಮ್ಯಾಗ್ನಮ್–ಬ್ಲ್ಯಾಂಚರ್ಡ್ ಬ್ರೆಟ್‌ಗೆ ತೀರ ಸಮೀಪವಾಗುವುದರಿಂದ ಅದನ್ನು ಬಿಟ್ಟು ಸಮಾರ್ಟಿನೊ–ಜಬಿಸ್ಕೊ ಪಂದ್ಯಕ್ಕೆ ಪಂಜರವನ್ನು ಕೊಡಬೇಕು.

— ಸಂಪಾದಕ