ನನ್ನ ತಮ್ಮ ‘ಧರ್ಮ ರಕ್ಷಣೆ’ ಅಂತ ಗಲಾಟೆಗೆ ಹೋಗುತ್ತಿದ್ದಾನೆ. ಭಕ್ತಿ ಹೆಚ್ಚಾದದ್ದೇ ಇದಕ್ಕೆ ಕಾರಣವೇ? ಭಜನೆಗೆ ಕಳುಹಿಸುವುದು ನಿಲ್ಲಿಸಲೇ?

ಭಜನೆ ನಿಲ್ಲಿಸಬೇಡಿ ಮಾರಾಯ್ರೆ, ರೋಗ ಅಲ್ಲಿಲ್ಲ. ಅವನ ಪ್ರಾಯದಲ್ಲಿ ನಾನೂ ಹಾಗೆಯೇ ಇದ್ದೆ.

1998ರ ಡಿಸೆಂಬರ್ ಕೊನೆಗೆ ಮಂಗಳೂರು ಹತ್ತಿರದ ಸುರತ್ಕಲ್‌ನಲ್ಲಿ ಹಿಂದೂ-ಮುಸ್ಲಿಂ ಗಲಾಟೆ ಎದ್ದಿತಲ್ಲ, ಆಗ ನಮ್ಮ ಪೇಟೆಗೆ ನುಗ್ಗಿದ ಗುಂಪಿನಲ್ಲಿ ಹೆಚ್ಚಿನವರು ಹೊರಗಿನವರು. ಯಾವ ಅಂಗಡಿ ಯಾರದ್ದೆಂದು ಅವರಿಗೆ ಗೊತ್ತಿಲ್ಲ. ಒಂದು ಅಂಗಡಿಯ ಬೋರ್ಡಿನಲ್ಲಿ ಬರೀ ‘ಜನರಲ್ ಸ್ಟೋರ್’ ಅಂತ ಇತ್ತು. “ಇದು ಯಾರದ್ದು?” ಅಂತ ಒಬ್ಬ ಕೇಳಿದ. “ಬ್ಯಾರಿಯದ್ದು” ಅಂದೆ, ಅಂದರೆ ನಮ್ಮ ಕರಾವಳಿಯ ಮುಸ್ಲಿಮರದ್ದು ಅಂತ. ಅಷ್ಟೇ. ನಾನು ಕಲ್ಲು ಎತ್ತಲಿಲ್ಲ, ಬೆಂಕಿ ಹಚ್ಚಲಿಲ್ಲ. ಎಷ್ಟೋ ಕಾಲ ಅದನ್ನೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆದರೆ ‘ಗೊತ್ತಿಲ್ಲ’ ಅಂದಿದ್ದರೂ ಸಾಕಿತ್ತು, ಅವರು ಮುಂದೆ ಹೋಗುತ್ತಿದ್ದರು. ‘ಶೆಟ್ರದ್ದು’ ಅಂತ ಸುಳ್ಳೇ ಹೇಳಬಹುದಿತ್ತು, ಆ ಹೊತ್ತಲ್ಲಿ ಯಾರು ವಿಚಾರಿಸುತ್ತಿದ್ದರು? ಹೊರಗಿಂದ ಬಂದ ಗುಂಪಿಗೆ ತೋರಿಸಿಕೊಡಲು ಊರಿನವನೊಬ್ಬ ಬೇಕೇ ಬೇಕು. ಅವತ್ತು ಅವರಿಗೆ ನಾನು ಸಿಕ್ಕಿದೆ. ಅಕ್ಕಿ, ಬೆಲ್ಲ, ಭರಣಿಯ ಮಿಠಾಯಿ ಎಲ್ಲ ರಸ್ತೆಗೆ ಬಿತ್ತು. ಅಪ್ಪ ಬೋಟಿಗೆ ಹೋಗದ ಮಳೆಗಾಲವಿಡೀ ನಮಗೆ ಕುಚ್ಚಲಕ್ಕಿ ಸಾಲ ಕೊಟ್ಟ ಕಾಕನ ಅಂಗಡಿ ಅದು. ಅವರು ಮತ್ತೆ ಬಾಗಿಲು ತೆರೆಯಲಿಲ್ಲ.

ಕೇಸಿನಲ್ಲಿ ನನ್ನ ಹೆಸರು ಬಿತ್ತು, ಗುಂಪು ಕಟ್ಟಿಕೊಂಡು ಬಂದವರದ್ದು ಬೀಳಲಿಲ್ಲ. ಪೊಲೀಸ್ ವೆರಿಫಿಕೇಶನ್‌ನಲ್ಲಿ ಪಾಸ್‌ಪೋರ್ಟ್ ನಿಂತು ಗಲ್ಫ್ ಕೆಲಸ ತಪ್ಪಿತು. ವಾಯಿದೆಗೆ ಕೋರ್ಟಿಗೆ ಅಲೆದೆನಲ್ಲ, ಭಾಷಣ ಬಿಗಿದವರು ಒಂದು ದಿನವೂ ಆ ಕಡೆ ತಲೆ ಹಾಕಲಿಲ್ಲ.

ಆಗ ನನಗೆಲ್ಲಿತ್ತು ಭಕ್ತಿ? ದೀಪ ಹಚ್ಚುವ ಹೊತ್ತಿಗೆ ನಾನು ಮನೆಯಲ್ಲೇ ಇರುತ್ತಿರಲಿಲ್ಲ. ಭಕ್ತಿ ಇದ್ದದ್ದು ಅಮ್ಮನಿಗೆ. ಮೂಲ್ಕಿಯ ಬಪ್ಪನಾಡು ಜಾತ್ರೆಗೆ ತಪ್ಪದೆ ಹೋಗುತ್ತಿದ್ದರು. ಆ ದುರ್ಗಾಪರಮೇಶ್ವರಿ ದೇವಸ್ಥಾನ ಕಟ್ಟಿಸಿದ್ದು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಅಂತ ಐತಿಹ್ಯ. ಜಾತ್ರೆಯಲ್ಲಿ ಆ ಮನೆತನಕ್ಕೆ ಈಗಲೂ ಪ್ರಸಾದ ಕೊಡುವ ಕ್ರಮ ಉಂಟು. ಕಾಕನ ಅಂಗಡಿಯ ಸುದ್ದಿ ಕಿವಿಗೆ ಬಿದ್ದ ಮೇಲೆ ಅಮ್ಮ ನನಗೆ ಬಡಿಸುವುದನ್ನೇ ಬಿಟ್ಟರು.

ಧರ್ಮದ ಹೆಸರಿಲ್ಲದೆ ಅಷ್ಟು ಜನ ಸೇರುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ 2022ರಲ್ಲಿ, 2025ರಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕೊಲೆಯ ಹಿಂದೆ ಕೊಲೆ ಆದಾಗಲೂ ನಮ್ಮ ಕೇರಿಯ ಹುಡುಗರ ರಕ್ತ ಕುದಿಸಿದ್ದು ಮೊಬೈಲಿಗೆ ಬಂದ ವಾಯ್ಸ್ ಮೆಸೇಜುಗಳು.

ಭಜನೆಗೆ ನೀವೂ ಜೊತೆಗೆ ಹೋಗಿ. ಮುಗಿದ ಮೇಲೆ ಅವನನ್ನು ಕರೆದುಕೊಂಡು ಹೋಗುವವರು ಯಾರು, ಅವರ ಸ್ವಂತ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಅಂತ ತಮ್ಮನ ಎದುರೇ ಕೇಳಿ. ರಾತ್ರಿ ಫೋನ್ ಬಂತೆಂದು ಹೊರಟರೆ ಬೈಕಿನ ಕೀ ಕೊಡಬೇಡಿ. ಜಗಳ ಮಾಡಲಿ, ಊಟ ಬಿಡಲಿ, ಕೊಡಬೇಡಿ.