ನನ್ನ ಕಾಯಿಲೆಯೇ ವಾಸಿಯಾಗಿಲ್ಲ, ಬೇರೆಯವರಿಗೆ ಹೇಗೆ ಪ್ರಾರ್ಥಿಸಲಿ?

ಪ್ರಶ್ನೆ: ಅಕ್ಕಾ, ನನಗೆ 46 ವರ್ಷ. ನಮ್ಮ ಚರ್ಚಿನ ಸ್ತ್ರೀಯರ ಕೂಟದ ಪರವಾಗಿ ಶನಿವಾರ ಬೆಳಿಗ್ಗೆ ಆಸ್ಪತ್ರೆಗೆ ಗಂಜಿ ತೆಗೆದುಕೊಂಡು ಹೋಗುತ್ತೇನೆ. ರೋಗಿಗಳ ಜೊತೆ ಮಾತಾಡಿ, ಕೇಳಿದವರಿಗೆ ಪ್ರಾರ್ಥನೆ ಮಾಡಿ ಬರುತ್ತೇನೆ. ಈಗ ನನಗೇ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಬೆರಳು ಮಡಚಲು ಆಗುವುದಿಲ್ಲ, ಪಾತ್ರೆ ಎತ್ತುವಾಗ ಅಳು ಬರುತ್ತದೆ. “ನಿನ್ನದೇ ವಾಸಿಯಾಗಿಲ್ಲ, ಬೇರೆಯವರಿಗೆ ಏನು ಪ್ರಾರ್ಥನೆ ಮಾಡ್ತೀಯ?” ಅಂದಳು ನಾದಿನಿ. ನಂಬಿಕೆ ಇದ್ದರೆ ಮಾತ್ರೆ ಬಿಡು ಅನ್ನುವವರೂ ಇದ್ದಾರೆ. ಸೇವೆ ನಿಲ್ಲಿಸಿಬಿಡಲೇ?
– ಹೆಸರು ಬೇಡ, ಗದಗ

ಉತ್ತರ: ತಂಗಿ, ಮೊದಲು ಮಾತ್ರೆಯ ವಿಷಯ. ಬಿಡಬೇಡ. ನರ್ಸ್ ಆಗಿ ವಾರ್ಡಿನಲ್ಲೇ ಕೂದಲು ಬೆಳ್ಳಗಾದವಳು ಹೇಳುತ್ತಿದ್ದೇನೆ. ಈ ಕಾಯಿಲೆಯಲ್ಲಿ ಸೋಂಕಿನಿಂದ ನಮ್ಮನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಒಮ್ಮೆ ಹಾಳಾದ ಕೀಲು ಮೊದಲಿನಂತೆ ಆಗುವುದಿಲ್ಲ. ಅದನ್ನು ತಡೆಯಲಿಕ್ಕೇ ಮಾತ್ರೆ. ಬೈಬಲಿನಲ್ಲಿ ಅಪೊಸ್ತಲ ಪೌಲ ತನ್ನ ಜೊತೆಗಾರ ಲೂಕನನ್ನು ‘ಪ್ರಿಯ ವೈದ್ಯ’ ಎಂದೇ ಕರೆದಿದ್ದಾನೆ. ವೈದ್ಯರ ಹತ್ತಿರ ಹೋಗುವುದು ಅಪನಂಬಿಕೆ ಹೇಗಾಗುತ್ತದೆ?

ನಿನ್ನ ನಾದಿನಿಯ ಪ್ರಶ್ನೆಗೂ ಪೌಲನ ಬದುಕಿನಲ್ಲೇ ಉತ್ತರವಿದೆ. ಅವನ ಶರೀರದಲ್ಲಿ ಒಂದು ಮುಳ್ಳು ನಾಟಿತ್ತು. ಏನು ತೊಂದರೆ ಎಂದು ಅವನು ಹೇಳಿಲ್ಲ. ಅದು ತೊಲಗಲಿ ಎಂದು ಮೂರು ಸಲ ಬೇಡಿಕೊಂಡ. ತೊಲಗಲಿಲ್ಲ. ‘ನನ್ನ ಕೃಪೆಯೇ ನಿನಗೆ ಸಾಕು’ ಅನ್ನುವ ಮಾತು ಮಾತ್ರ ಸಿಕ್ಕಿತು. ಅದೇ ಪೌಲ ಮುಂದೆ ಹಡಗು ಒಡೆದು ಮೆಲೀತೆ ದ್ವೀಪಕ್ಕೆ ಬಂದಾಗ, ಜ್ವರ ಮತ್ತು ರಕ್ತಭೇದಿಯಿಂದ ಮಲಗಿದ್ದ ಒಬ್ಬ ಮುದುಕನಿಗೆ ಪ್ರಾರ್ಥನೆ ಮಾಡಿದ. ಮುದುಕ ಎದ್ದು ಕೂತ. ಇನ್ನೊಂದು ಕಡೆ, ಸ್ವಂತ ಜೊತೆಗಾರ ತ್ರೊಫಿಮನನ್ನು ಮಿಲೇತ ಪಟ್ಟಣದಲ್ಲಿ ಕಾಯಿಲೆಯಲ್ಲೇ ಬಿಟ್ಟುಬರಬೇಕಾಯಿತು. ಯಾರು ವಾಸಿಯಾಗುತ್ತಾರೆ, ಯಾರು ಆಗುವುದಿಲ್ಲ ಅನ್ನುವುದರಿಂದ ಪ್ರಾರ್ಥಿಸುವವಳ ಯೋಗ್ಯತೆ ಅಳೆಯಲು ಆಗುವುದಿಲ್ಲ ತಂಗಿ.

ಡಾಕ್ಟರ್ ಮೇರಿ ವರ್ಗೀಸ್ ಬಗ್ಗೆ ಕೇಳಿದ್ದೀಯಾ? ಕೇರಳದವರು, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿದ್ದವರು. 1954ರಲ್ಲಿ ರಸ್ತೆ ಅಪಘಾತವಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಆಗಿನ್ನೂ ಮೂವತ್ತು ತುಂಬಿರಲಿಲ್ಲ. ನಿಂತು ಆಪರೇಷನ್ ಮಾಡುವ ಹಾಗಿಲ್ಲ. ಆದರೆ ಕುಷ್ಠದಿಂದ ಮಡಚಿಹೋದ ಬೆರಳುಗಳ ಆಪರೇಷನ್ ಇದೆಯಲ್ಲ, ಅದನ್ನು ಕೂತು ಮಾಡಬಹುದು. ಅಲ್ಲೇ ಇದ್ದ ಡಾಕ್ಟರ್ ಪಾಲ್ ಬ್ರ್ಯಾಂಡ್ ಆ ಕೆಲಸದಲ್ಲಿ ಹೆಸರಾದವರು. ಮೇರಿ ಗಾಲಿಕುರ್ಚಿಯಲ್ಲೇ ಕೂತು ಆ ಕೈಗಳನ್ನು ಸರಿಮಾಡಿದರು. ಆಮೇಲೆ ನ್ಯೂಯಾರ್ಕಿನಲ್ಲಿ ತರಬೇತಿ ಪಡೆದು ಬಂದು, ತಮ್ಮಂತೆಯೇ ಕಾಲಿನ ಬಲ ಕಳೆದುಕೊಂಡವರಿಗಾಗಿ ದುಡಿದರು. 1966ರಲ್ಲಿ ವೆಲ್ಲೂರಿನಲ್ಲಿ ಅಂಥವರಿಗಾಗಿಯೇ ಪುನಶ್ಚೇತನ ಕೇಂದ್ರ ತೆರೆಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಮತ್ತೆ ನಡೆಯಲೇ ಇಲ್ಲ. ನನಗೆ ಆ ಪ್ರಶಸ್ತಿಗಿಂತ ಜಾಸ್ತಿ ಹಿಡಿಸುವುದು, ಕೂತು ಮಾಡುವ ಕೆಲಸವನ್ನು ಅವರು ಕಂಡುಕೊಂಡ ರೀತಿ.

ನೀನೂ ಹಾಗೇ ಕೆಲಸ ಬದಲಿಸಿಕೊ. ಗಂಜಿ ಪಾತ್ರೆ ಕೂಟದ ಹುಡುಗಿಯರು ಎತ್ತಲಿ. ನಿನ್ನ ಬೆರಳಿನ ಬಿಗಿತ ಬೆಳಿಗ್ಗೆ ಜಾಸ್ತಿ ಅಲ್ವಾ? ಹಾಗಾದರೆ ಸಂಜೆ ಭೇಟಿಯ ಹೊತ್ತಿಗೆ ಹೋಗು. ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಸುಮ್ನೆ ಕೂತು ಅವರ ಮಾತು ಕೇಳು. ನೋವು ಗೊತ್ತಿರುವವಳು ಬಂದಿದ್ದಾಳೆ ಎಂದು ರೋಗಿಗೆ ಬೇಗ ತಿಳಿಯುತ್ತದೆ, ನಾನು ಅದನ್ನು ಎಷ್ಟೋ ಸಲ ನೋಡಿದ್ದೇನೆ. ಮೈ ಕೇಳದ ವಾರ ಹೋಗಬೇಡ. ಅದಕ್ಕೆ ದೇವರ ಮುಂದೆ ತಪ್ಪಿತಸ್ಥಳಂತೆ ನಿಲ್ಲಲೂ ಬೇಡ.

ಇನ್ನೊಂದು ವಿಷಯ ನನ್ನನ್ನು ಕಾಡಿತು. ಕೂಟದವರು ನಿನ್ನ ಮನೆಗೆ ಬಂದು ಪ್ರಾರ್ಥಿಸಿದರು ಎಂದು ಪತ್ರದಲ್ಲಿ ಎಲ್ಲೂ ಇಲ್ಲ. ನೀನು ಕೂಟದಲ್ಲಿ ಯಾರಿಗೂ ಹೇಳಿಲ್ಲ ಅನಿಸುತ್ತದೆ. ಈ ಭಾನುವಾರ ಆರಾಧನೆ ಮುಗಿದ ಮೇಲೆ ಪಾದ್ರಿ ಅಯ್ಯನವರಿಗೂ ಕೂಟದ ಕಾರ್ಯದರ್ಶಿಗೂ ಹೇಳು. ದಿನವೂ ಅಳು, ನಿದ್ದೆಯಿಲ್ಲ ಅನ್ನುವಂತಿದ್ದರೆ ಅದನ್ನೂ ಮುಚ್ಚಿಡದೆ ಡಾಕ್ಟರಿಗೆ ತಿಳಿಸು. ನೀರು ತುಂಬುವುದು, ರೊಟ್ಟಿ ಬಡಿಯುವುದು, ಇಂಥದ್ದಕ್ಕೆ ಯಾರಾದರೂ ಬರುತ್ತೇನೆ ಅಂದರೆ ಬೇಡ ಅನ್ನಬೇಡ, ಬರಲಿ.